ಪತ್ತೇದಾರನೇ ಕಳೆದುಹೋಗುವ ಕಾದಂಬರಿ

ಎನ್. ನರಸಿಂಹಯ್ಯನವರ 500ಕ್ಕೂ ಹೆಚ್ಚು ಕಾದಂಬರಿಗಳ ನೆರಳಲ್ಲಿ ಬೆಳೆದ ಕನ್ನಡದ ಓದುಗನಿಗೆ ಪತ್ತೇದಾರ ಎಂದರೆ ಸೋಲರಿಯದವನು. ಅವರ ಪತ್ತೇದಾರ ಪುರುಷೋತ್ತಮ ಬಂದನೆಂದರೆ ಕೊಲೆಗಾರನ ಆಟ ಮುಗಿದಂತೆ. ವಾಡಿ ಜಂಕ್ಷನ್ನಿನಲ್ಲಿ ಗಾಡಿ ಬದಲಿಸುವವರಿಗೆ ಹೇಳಿಮಾಡಿಸಿದ ಓದು ಅದು: ಹತ್ತುವಾಗ ಹೆಣ, ಇಳಿಯುವಷ್ಟರಲ್ಲಿ ಬೇಡಿ. ಜೇಮ್ಸ್ ಎಲ್‌ರಾಯ್‌ನ ‘ದಿ ಬ್ಲ್ಯಾಕ್ ಡೇಲಿಯಾ’ (1987) ಹಿಡಿದು ಕೂತರೆ ಈ ಅಭ್ಯಾಸ ಕೈಕೊಡುತ್ತದೆ.

1947ರ ಜನವರಿ 15ರಂದು ಲಾಸ್ ಏಂಜಲೀಸಿನ ಖಾಲಿ ನಿವೇಶನವೊಂದರಲ್ಲಿ 22 ವರ್ಷದ ಎಲಿಜಬೆತ್ ಶಾರ್ಟ್‌ಳ ಶವ ಎರಡು ತುಂಡಾಗಿ ಸಿಕ್ಕಿತು. ಕೊಂದವರು ಇಂದಿಗೂ ಸಿಕ್ಕಿಲ್ಲ. ಈ ನಿಜ ಪ್ರಕರಣದೊಳಕ್ಕೆ ಎಲ್‌ರಾಯ್ ಇಬ್ಬರು ಪೊಲೀಸರನ್ನು ಇಳಿಸುತ್ತಾನೆ. ಬಕಿ, ಲೀ, ಇಬ್ಬರೂ ಮಾಜಿ ಬಾಕ್ಸರ್‌ಗಳು. ತಂಗಿ ಕಾಣೆಯಾದ ಹಳೆಯ ಗಾಯ ಲೀಯಲ್ಲಿ ಮಾಸಿಲ್ಲ. ಹೋಟೆಲ್ ಕೋಣೆಯೊಂದನ್ನು ಹಿಡಿದು, ಕಡತ, ಫೋಟೊಗಳನ್ನು ತುಂಬಿಕೊಂಡು, ಮಾತ್ರೆ ನುಂಗಿ ನಿದ್ದೆಗೆಡುತ್ತಾನೆ. ಕೊನೆಗೆ ಅವನೇ ಕಾಣೆಯಾಗುತ್ತಾನೆ. ಆಮೇಲೆ ಆ ಹುಚ್ಚು ಬಕಿಗೆ ಹತ್ತುತ್ತದೆ, ಸತ್ತವಳನ್ನು ಹೋಲುವ ಶ್ರೀಮಂತರ ಮಗಳೊಬ್ಬಳ ಹಾಸಿಗೆ ಸೇರುವಷ್ಟು. ಕಥೆ ಹೇಳುವವನು ಬಕಿಯೇ. ಓದುಗನಿಗೆ ದೂರ ನಿಂತು ನೋಡುವ ಸವಲತ್ತಿಲ್ಲ. ಕಾದಂಬರಿಯ ಕಸುವಿರುವುದು ಇಲ್ಲಿ.

ಬಕಿ ಸೇರುವ ಆ ಶ್ರೀಮಂತ ಹುಡುಗಿಯ ಅಪ್ಪ ಬಿಲ್ಡರ್. ಹಳೆಯ ಸಿನಿಮಾ ಸೆಟ್ಟುಗಳ ಕೊಳೆತ ಮರದಿಂದ ಮನೆ ಕಟ್ಟಿ ಮಾರಿದವನು. ಪರಸಿ ಕಲ್ಲಿನ ಶಹಾಬಾದ್, ಸಿಮೆಂಟಿನ ವಾಡಿ, ಸೇಡಂಗಳ ಓದುಗ ಈ ಎಳೆಯನ್ನು ಬೇಗ ಹಿಡಿದಾನು: ದೂರದ ನಗರಗಳು ಏಳುವ ಸರಕು ಎಲ್ಲಿಂದ ಹೋಗುತ್ತದೆ, ಅದರ ದೂಳು ಎಲ್ಲಿ ಉಳಿಯುತ್ತದೆ ಎಂಬುದು ಅವನಿಗೆ ಪಾಠವಾಗಿ ಕಲಿಯಬೇಕಾದ ಸಂಗತಿಯಲ್ಲ. ಎಲ್‌ರಾಯ್ ಕೊಲೆಯ ಜಾಡು ಹಿಡಿದು ನಗರದ ಅಡಿಪಾಯದ ಮೋಸದವರೆಗೂ ಹೋಗುತ್ತಾನೆ.

ಕೊನೆಯ ಭಾಗ ಮಾತ್ರ ಜಾಳು. ತಿರುವಿನ ಮೇಲೆ ತಿರುವು. ಜಗತ್ತಿಗೆ ಸಿಗದ ಕೊಲೆಗಾರ ಕಾದಂಬರಿಯಲ್ಲಿ ಸಿಕ್ಕೇಬಿಡುತ್ತಾನೆ! ಇಷ್ಟು ಹೊತ್ತು ಪುರುಷೋತ್ತಮನಿಂದ ದೂರ ಓಡಿದ ಎಲ್‌ರಾಯ್ ಕೊನೆಗೆ ಅವನ ದಾರಿಗೇ ಬರುತ್ತಾನೆ. ಈ ಹಟಕ್ಕೆ ಕಾರಣ ಊಹಿಸಬಹುದು. 1958ರಲ್ಲಿ, ಅವನಿಗೆ ಹತ್ತು ವರ್ಷವಾಗಿದ್ದಾಗ, ಅವನ ತಾಯಿಯ ಕೊಲೆಯಾಯಿತು. ಮುಂದಿನ ಹುಟ್ಟುಹಬ್ಬಕ್ಕೆ ಅಪ್ಪ ಕೊಟ್ಟ ಪುಸ್ತಕದಲ್ಲಿ ಅವನು ಓದಿದ್ದು ಇದೇ ಎಲಿಜಬೆತ್ ಪ್ರಕರಣವನ್ನು. 1996ರ ‘ಮೈ ಡಾರ್ಕ್ ಪ್ಲೇಸಸ್’ ಆತ್ಮಕಥನದಲ್ಲಿ ನಿವೃತ್ತ ಪತ್ತೇದಾರನೊಬ್ಬನ ಜೊತೆ ತಾಯಿಯ ಪ್ರಕರಣವನ್ನು ಮತ್ತೆ ಕೆದಕುತ್ತಾನೆ, ಕೊಲೆಗಾರ ಸಿಗುವುದಿಲ್ಲ, ಸಿಕ್ಕಂತೆ ಬರೆಯುವುದೂ ಇಲ್ಲ. ಆ ನಿಷ್ಠುರತೆ ಕಾದಂಬರಿಗೆ ಒದಗಿಲ್ಲ.

ಇದಕ್ಕಿಂತ ದೊಡ್ಡ ಕೊರತೆ ಎಲಿಜಬೆತ್‌ಳದ್ದು. ಫೋಟೊ, ಫಿಲ್ಮು, ಗಂಡಸರ ಹೇಳಿಕೆಗಳಲ್ಲಿ ಆಕೆ ಹರಿದು ಹಂಚಿಹೋಗಿದ್ದಾಳೆ. ಪೊಲೀಸರು ಅವಳಲ್ಲಿ ಹುಡುಕುವುದೂ ತಂತಮ್ಮ ಗಾಯವನ್ನೇ. ಕಲಬುರಗಿ ಸೀಮೆಯವರಿಗೆ ಇದು ಎದ್ದು ಕಾಣಲು ಕಾರಣವಿದೆ. ‘ಬದುಕು’ ಕಾದಂಬರಿಗೆ 2004ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಗೀತಾ ನಾಗಭೂಷಣ ಇಲ್ಲಿನವರು. ‘ಹಸಿಮಾಂಸ ಮತ್ತು ಹದ್ದುಗಳು’ ಬರೆದವರೂ ಅವರೇ. ಹೆಣ್ಣಿನ ಮೇಲಿನ ಹಿಂಸೆ ಅವರಲ್ಲೂ ಕ್ರೂರವೇ, ಆದರೆ ಅದನ್ನು ಉಂಡವಳು ಕಥೆಯ ನಡುವೆ ನಿಂತಿರುತ್ತಾಳೆ. ಚಿತ್ತಾಪುರದ ಠಾಣೆಯನ್ನೋ ಚಿಂಚೋಳಿಯ ಕಾಡನ್ನೋ ಹಿನ್ನೆಲೆಯಾಗಿಟ್ಟು ಇಂಥ ಕಾದಂಬರಿಗೆ ಕೈಹಾಕುವವರು ಪೊಲೀಸನ ಹುಚ್ಚನ್ನು ಎಲ್‌ರಾಯ್‌ನಿಂದ ಧಾರಾಳವಾಗಿ ಕಲಿಯಬಹುದು. ಸತ್ತವಳಿಗೆ ಬಾಯಿ ಕೊಡುವ ಬಗೆಗೆ ಗೀತಾ ಅವರ ಪುಸ್ತಕಗಳನ್ನೇ ತೆರೆಯಬೇಕಾದೀತು.