‘ಚಿಕಿತ್ಸೆ’ ಎಂಬ ಪದದ ಲೋಪ: ಕಾಂಡಕೋಶ ಮಾರ್ಗಸೂಚಿಗಳ ವಿಮರ್ಶೆ

ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತೂ ಜೈವಿಕ ತಂತ್ರಜ್ಞಾನ ಇಲಾಖೆಯೂ ಕೂಡಿ 2007ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಶಿರೋನಾಮೆಯಲ್ಲಿ ಕಾಂಡಕೋಶಗಳ ‘ಸಂಶೋಧನೆ’, ‘ಚಿಕಿತ್ಸೆ’ ಎಂಬ ಎರಡು ಪದಗಳಿದ್ದುವು. 2013ರ ಪರಿಷ್ಕರಣದಲ್ಲಿ ಎರಡನೆಯದನ್ನು ಕೈಬಿಡಲಾಯಿತು. 2017ರ ಆವೃತ್ತಿಯೂ ಅದೇ ಕ್ರಮವನ್ನು ಅನುಸರಿಸಿತು. ದಾಖಲೆಗಳನ್ನು ಪರಿಶೀಲಿಸುವವರಿಗೆ ಉಳಿದ ಪದಕ್ಕಿಂತ ಅಳಿದ ಪದವೇ ಅನೇಕ ವೇಳೆ ಹೆಚ್ಚಿನದನ್ನು ತಿಳಿಸುತ್ತದೆ. ಪ್ರಕೃತ ಲೋಪವು ಅಂತಹುದೆಂದು ನಾವು ಭಾವಿಸುತ್ತೇವೆ.

ಕೆಲವು ರಕ್ತವ್ಯಾಧಿಗಳಿಗಾಗಿ ನಡೆಯುವ ಅಸ್ಥಿಮಜ್ಜೆಯ ಕಸಿಯಂತಹ ಸ್ಥಾಪಿತ ವಿಧಾನವನ್ನು ಬಿಟ್ಟರೆ, ಉಳಿದುವು ಪ್ರಯೋಗದ ಹಂತದಲ್ಲಿಯೇ ಇವೆಯೆಂಬುದು 2017ರ ಮಾರ್ಗಸೂಚಿಯ ನಿಲುವು. ಸ್ಥಾಪಿತವಾದ ಆ ಕಸಿಯೂ ನಿರಪಾಯವಲ್ಲ. ದಾನಿಯ ಕೋಶಗಳು ರೋಗಿಯ ಚರ್ಮ, ಕರುಳು, ಯಕೃತ್ತುಗಳ ಮೇಲೆ ಎರಗಬಹುದು. ಪೂರ್ವಭಾವಿಯಾಗಿ ಕೊಡುವ ತೀವ್ರ ಔಷಧಗಳಿಂದ ರೋಗನಿರೋಧಶಕ್ತಿ ಕುಗ್ಗಿ ಸೋಂಕು ತಗಲಬಹುದು. ಆದರೆ ಇವು ತಿಳಿದ ಅಪಾಯಗಳು. ವೈದ್ಯರು ಇವನ್ನು ರೋಗದ ಅಪಾಯದೊಡನೆ ತೂಗಿ ನೋಡಬಲ್ಲರು. ಪರೀಕ್ಷಿತವಾಗದ ವಿಧಾನಗಳಲ್ಲಿ ತೂಗುವುದಕ್ಕೆ ಬಟ್ಟೇ ಇರುವುದಿಲ್ಲ. ಮಾಸ್ಕೋದಲ್ಲಿ ಭ್ರೂಣದ ನರಕಾಂಡಕೋಶಗಳನ್ನು ಪಡೆದಿದ್ದ ಬಾಲಕನೊಬ್ಬನಲ್ಲಿ ದಾನಿಯ ಕೋಶಗಳಿಂದಲೇ ಗಡ್ಡೆಗಳು ಬೆಳೆದುದು 2009ರಲ್ಲಿ ವರದಿಯಾಯಿತು. ‘ನಮ್ಮದೇ ಕೋಶವಾದರೆ ಭಯವೇನು?’ ಎಂಬ ವಾದವೂ ನಿಲ್ಲದು: 2015ರಲ್ಲಿ ಫ್ಲಾರಿಡದಲ್ಲಿ ಸ್ವಂತ ಕೊಬ್ಬಿನಿಂದ ತೆಗೆದ ಕೋಶಗಳನ್ನು ಎರಡೂ ಕಣ್ಣುಗಳಿಗೆ ಚುಚ್ಚಿಸಿಕೊಂಡ ಮೂವರು ಮಹಿಳೆಯರು ದೃಷ್ಟಿಯ ಬಹುಭಾಗವನ್ನು ಕಳೆದುಕೊಂಡರು.

ಇಂತಹ ಕಟ್ಟುಪಾಡು ಹೊಸ ಶೋಧನೆಗೆ ಅಡ್ಡಿಯೆಂಬ ಆಕ್ಷೇಪವುಂಟು. ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ಸಂಸ್ಥೆಯು ರೋಗಿಗಳ ಮೇಲಣ ಕ್ರಮಬದ್ಧ ಪರೀಕ್ಷೆಗಳ ಅನಂತರ, ಬರ್ಗರ್ ರೋಗದಿಂದ ಕಾಲಿನ ರಕ್ತಸಂಚಾರ ಕೆಟ್ಟವರಿಗಾಗಿ, 2016ರಲ್ಲಿ ಸೀಮಿತ ಅನುಮತಿಯನ್ನು ಪಡೆಯಿತು. ದಾರಿ ದೀರ್ಘವಾದುದು, ಮುಚ್ಚಿದುದಲ್ಲ.

ಮಾರ್ಗಸೂಚಿಯ ಕೊರತೆ ಬೇರೆಡೆಯಲ್ಲಿದೆ. ಅದು ಸ್ವತಃ ಶಾಸನವಲ್ಲ. ವೈದ್ಯರನ್ನೂ ಸಂಶೋಧಕರನ್ನೂ ಉದ್ದೇಶಿಸಿ ಬರೆದುದು. ಶಿರೋನಾಮೆಯಿಂದ ಹೋದ ಪದವು ಜಾಹೀರಾತಿನಿಂದ ಹೋಗುವುದಿಲ್ಲ. ಬಂಟವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ನಡುವಣ ಸಿದ್ಧಕಟ್ಟೆಯಂತಹ ಊರಿನಿಂದ ಅಡಕೆ ಮಾರಿದ ಹಣವನ್ನು ಹಿಡಿದು ದೂರದ ನಗರಕ್ಕೆ ಹೊರಡುವ ಕುಟುಂಬಕ್ಕೆ ಸಂಶೋಧನೆಗೂ ಚಿಕಿತ್ಸೆಗೂ ಇರುವ ಅಂತರವನ್ನು ತಿಳಿಸುವವರಾರು? ಅಂತಹವರು ಹಣವನ್ನಲ್ಲದೆ, ಸಿದ್ಧವಾದ ಚಿಕಿತ್ಸೆಗೆ ದೊರೆಯಬೇಕಾದ ಕಾಲವನ್ನೂ ಕಳೆದುಕೊಳ್ಳುತ್ತಾರೆ. ಆದುದರಿಂದ ಈ ಪದವಿವೇಕವನ್ನು ಕನ್ನಡದಲ್ಲಿ ಸ್ಪಷ್ಟಪಡಿಸುವುದು ವೈದ್ಯರೊಬ್ಬರ ಹೊಣೆಯಲ್ಲ. ಕಾಲೇಜುಗಳ ಅಧ್ಯಾಪಕರಾದ ನಮ್ಮದೂ ಹೌದು.