ಅಜ್ಜಂಪುರ ಟೈಪ್ ಮಾಡಿ ನೋಡಿ

ಕೀಲಿಮಣೆಯನ್ನು ನಡುವೆ ಸೀಳಿ ಎರಡು ಹೋಳು ಮಾಡುವ ಆಲೋಚನೆ ಕಂಪ್ಯೂಟರಿಗಿಂತ ಹಳೆಯದು. ಟೈಪಿಸ್ಟರು ಕೂರುವ ಭಂಗಿಯನ್ನು ಗಮನಿಸಿದ ಜರ್ಮನಿಯ ಕ್ಲೋಕೆನ್‌ಬರ್ಗ್ 1926ರಲ್ಲೇ ಇದನ್ನು ಸೂಚಿಸಿದ್ದ. ನೇರ ಮಣೆಯ ಮೇಲೆ ಎರಡೂ ಕೈ ಕೂಡಿಸಿದರೆ ಮಣಿಕಟ್ಟು ಕಿರುಬೆರಳಿನ ಕಡೆಗೆ ಸೊಟ್ಟಗಾಗುತ್ತದೆ, ಅಂಗೈ ಪೂರ್ತಿ ನೆಲಕ್ಕೆ ಮಗುಚುತ್ತದೆ. ಹೋಳುಗಳನ್ನು ಭುಜದಗಲಕ್ಕೆ ಸರಿಸಿ ಒಳ ಅಂಚನ್ನು ತುಸು ಎತ್ತಿದರೆ ಎರಡೂ ಸಡಿಲವಾಗುತ್ತವೆ. ಇಂಗ್ಲೆಂಡಿನ ಲಿಲಿಯನ್ ಮಾಲ್ಟ್ ಮತ್ತು ಸ್ಟೀಫನ್ ಹಾಬ್ಡೆ 1970ರ ದಶಕದಲ್ಲಿ ಮಾಲ್ಟ್ರಾನ್ ಕಟ್ಟಿದರು. 1992ಕ್ಕೆ ಅಮೆರಿಕದ ಕೈನೆಸಿಸ್ ಬಂತು, 1993ಕ್ಕೆ ಬಿಜಾಗರಿಯಂತೆ ಬಿಚ್ಚಿಕೊಳ್ಳುವ ಆ್ಯಪಲ್ ಮಣೆ, 1994ಕ್ಕೆ ಐಬಿಎಂ ಎಂ15. ಹಳೆಯ ಹೋಳುಮಣೆಗಳ ಹುಚ್ಚಿರುವವರು ಹಂಬಲಿಸುವುದು ಹೆಚ್ಚಾಗಿ ಇವುಗಳಿಗೇ.

ಇವೆಲ್ಲ ಇಂಗ್ಲಿಷ್ ಬೆರಳುಗಳಿಗಾಗಿ ಹುಟ್ಟಿದವು. ಆದರೆ ಇವು ನಿಜವಾಗಿ ಒಪ್ಪುವುದು ಕನ್ನಡಕ್ಕೆ ಎಂಬುದು ನನ್ನ ವಾದ.

ಮಣೆಗೆ ಭಾಷೆ ಗೊತ್ತಿಲ್ಲ. ಎಷ್ಟನೆಯ ಕೀಲಿ ಕೆಳಗಿಳಿಯಿತು ಎಂಬ ಸಂಕೇತವನ್ನಷ್ಟೇ ಅದು ಕಳಿಸುತ್ತದೆ. ಅಕ್ಷರ ಯಾವುದೆಂದು ತೀರ್ಮಾನಿಸುವುದು ಕಂಪ್ಯೂಟರು. ಹಾಗಾಗಿ ಮೂವತ್ತು ವರ್ಷದ ಹಿಂದಿನ ಪರದೇಶಿ ಮಣೆಯೂ ಇವತ್ತು ಏನೂ ತಕರಾರಿಲ್ಲದೆ ಕನ್ನಡ ಮೂಡಿಸುತ್ತದೆ. ಯಾವ ವಿನ್ಯಾಸದಲ್ಲಿ ಎಂಬುದಷ್ಟೇ ಪ್ರಶ್ನೆ. ನಮ್ಮ ಕಡೆಯ ಕಡೂರು, ಬೀರೂರಿನ ಡಿಟಿಪಿ ಅಂಗಡಿಗಳಲ್ಲಿ ಕೈಗೆ ಕೂತಿರುವುದು ಕಿನ್ನಿಕಂಬಳದ ಕೆ.ಪಿ. ರಾವ್ ರೂಪಿಸಿದ, ‘ನುಡಿ’ ತಂತ್ರಾಂಶದ ಜೊತೆ ಮನೆಮಾತಾದ ಕಗಪ ವಿನ್ಯಾಸ. ಕಲಿಯಲು ಅದರಷ್ಟು ಸಲೀಸು ಇನ್ನೊಂದಿಲ್ಲ. ಆದರೆ ಹೋಳುಮಣೆಗೆ ನಾನು ಆರಿಸುವುದು 1986ರಲ್ಲಿ ಕೇಂದ್ರದ ಎಲೆಕ್ಟ್ರಾನಿಕ್ಸ್ ಇಲಾಖೆ ಗೊತ್ತುಮಾಡಿದ ಇನ್‌ಸ್ಕ್ರಿಪ್ಟ್. ಅದರಲ್ಲಿ ಸ್ವರಗಳು ಬಹುತೇಕ ಎಡಗೈಗೆ, ವ್ಯಂಜನಗಳು ಬಹುಪಾಲು ಬಲಗೈಗೆ. ಮಣೆ ಒಡೆಯುವ ಮೊದಲೇ ಅಕ್ಷರಮಾಲೆ ಎರಡು ಪಾಲಾಗಿರುತ್ತದೆ.

ಅಜ್ಜಂಪುರ ಟೈಪ್ ಮಾಡಿ ನೋಡಿ. ‘ಅ’ ಎಡ, ‘ಜ’ ಬಲ, ಒತ್ತಿನ ಕೀಲಿ ಎಡ, ಮತ್ತೆ ‘ಜ’ ಬಲ, ಸೊನ್ನೆ ಎಡ, ‘ಪ’ ಬಲ, ಉಕಾರ ಎಡ, ‘ರ’ ಬಲ. ಎಂಟು ಅಕ್ಷರಕೀಲಿಗಳಲ್ಲಿ ಒಂದು ಕೈ ಒತ್ತುವಾಗ ಇನ್ನೊಂದು ಮುಂದಿನದಕ್ಕೆ ಸಿದ್ಧವಾಗಿರುತ್ತದೆ. ಬೀರೂರಿನ ಆರು ಕೀಲಿಗಳೂ ಹಾಗೇ, ಶಿಫ್ಟ್ ಕೂಡ ಬೇಡ. ಕಡೂರು, ತರೀಕೆರೆಗಳಲ್ಲಿ ಮೊದಲಿಗೆ ಬಲಗೈ ಎರಡು ಸಲ ದುಡಿಯಬೇಕು, ಆಮೇಲೆ ಸರಾಗ. ಕಗಪದಲ್ಲೂ ‘ಕಡೂರು’ ಬಲ-ಎಡ ಬಲ-ಎಡ ಎಂದೇ ಸಾಗುತ್ತದೆ, ಆದರೆ ಊಕಾರಕ್ಕೆ ಎಡ ಕಿರುಬೆರಳು ಶಿಫ್ಟಿಗೆ ಓಡಬೇಕು.

ಇನ್‌ಸ್ಕ್ರಿಪ್ಟ್‌ನಲ್ಲಿ ಹುಳುಕಿಲ್ಲವೆಂದಲ್ಲ. ‘ಸಖರಾಯಪಟ್ಟಣ’ ಹೊಡೆಯುವಾಗ ಬಲಗೈಗೆ ಉಸಿರಾಡಲು ಬಿಡುವಿಲ್ಲ. ಇನ್ನೂ ತಮಾಷೆ ಎಂದರೆ, ತಾಲ್ಲೂಕು ಕಚೇರಿಯ ಎದುರು ದಿನವಿಡೀ ಟೈಪಾಗುವ ‘ಮನವಿ’. ಮ, ನ, ವ ಮೂರೂ ಎಡಹೋಳಿನ ಕೆಳಸಾಲಿನಲ್ಲಿವೆ, ಇಕಾರವೂ ಎಡಕ್ಕೇ. ಮನವಿ ಎಷ್ಟಾದರೂ ಬರಲಿ, ಬಲಗೈ ಕೆಲಸ ಮಾಡುವುದಿಲ್ಲ.

ಇನ್ನು ಯಾವ ಮಣೆ? ಕೀಲಿಯ ಸದ್ದು ನಮ್ಮವರಿಗೆ ಹೊಸದಲ್ಲ. ಬ್ಯಾಂಕು, ಕೋರ್ಟು, ಕಚೇರಿಗಳಲ್ಲಿ ಟಿವಿಎಸ್ ಗೋಲ್ಡ್ ತನ್ನ ಚೆರಿ ನೀಲಿ ಸ್ವಿಚ್ಚುಗಳಿಂದ ಕಟಕಟ ಎನ್ನುತ್ತ ಬಂದಿದೆ. ಅದರಿಂದ ಮೇಲೇರಬೇಕೆನ್ನುವವರ ಕಣ್ಣು ಮೊದಲು ಬೀಳುವುದು ಎಂ15ರ ಮೇಲೆ. ಪ್ರತಿ ಕೀಲಿಯಡಿ ಒಂದು ಸ್ಪ್ರಿಂಗ್, ಒತ್ತಿದಾಗ ಅದು ಬಳುಕಿ ಟಪ್ಪೆಂದು ಬಡಿಯುತ್ತದೆ; ಬೆರಳಿಗೆ ಅದಕ್ಕಿಂತ ಖಚಿತವಾದ ಉತ್ತರ ಬೇರೆ ಮಣೆಯಲ್ಲಿಲ್ಲ. ಆದರೆ ತಯಾರಾದದ್ದೇ ಕಡಿಮೆ. ಬೆಲೆ ಕೇಳಿದರೆ ಅಡಿಕೆ ಧಾರಣೆ ಮೇಲಿದ್ದ ವರ್ಷದಲ್ಲೂ ಬೆಳೆಗಾರರು ಹಿಂಜರಿಯಬೇಕು. ಅದನ್ನು ಕೊಂಡವರು ಗಾಜಿನ ಕಪಾಟಿನಲ್ಲಿಡುತ್ತಾರೆ. ನನಗೆ ಕಪಾಟಿನ ಮಣೆ ಬೇಡ.

ನನ್ನ ಆಯ್ಕೆ ಹಳೆಯ ಕೈನೆಸಿಸ್. ಅದು ಬೇರೆಯಾಗುವ ಎರಡು ತುಂಡಲ್ಲ, ಒಂದೇ ಒಡಲಿನಲ್ಲಿ ದೂರದೂರ ಕೊರೆದ ಎರಡು ಬೋಗುಣಿ. ಬೆರಳುಗಳ ಉದ್ದ ಒಂದೇ ಅಲ್ಲವಲ್ಲ. ತಗ್ಗಿನಲ್ಲಿರುವ ಕೀಲಿ ನಡುಬೆರಳಿಗೂ ಕಿರುಬೆರಳಿಗೂ ಸಮ ದೂರಕ್ಕೆ ಸಿಗುತ್ತದೆ. ಸಾಲುಗಳು ಓರೆಯಾಗಿಲ್ಲ, ನೇರ ಕಂಬಗಳಾಗಿವೆ. ಕೊಳ್ಳುವಾಗ ಮೇಲಿನ ಎಫ್ ಸಾಲನ್ನು ಒಂದೊಂದಾಗಿ ಒತ್ತಿ ನೋಡಿ. ಉಳಿದವು ಗಟ್ಟಿ ಚೆರಿ ಸ್ವಿಚ್ಚುಗಳಾದರೂ ಅವು ಮಾತ್ರ ಪುಟ್ಟ ರಬ್ಬರ್ ಗುಂಡಿಗಳು, ಮೊದಲು ಸೋಲುವುದು ಅವೇ. ದುಂಡನೆಯ ಪಿಎಸ್2 ಪಿನ್ನಿದ್ದರೆ ಯುಎಸ್‌ಬಿ ಪರಿವರ್ತಕ ಬೇಕು. ಬರೀ ತುದಿ ಬದಲಿಸುವ ಅಗ್ಗದ್ದು ಸಾಲದು, ಒಳಗೆ ಚಿಪ್ಪಿರುವುದನ್ನೇ ಕೇಳಿ. ನಮ್ಮ ಬಯಲುಸೀಮೆಯ ಗಾಳಿ ಬೋಗುಣಿಗೆ ಧೂಳು ತುಂಬುವುದರಿಂದ ರಾತ್ರಿ ಬಟ್ಟೆ ಮುಚ್ಚುವುದು ಕಡ್ಡಾಯ.

ಕೈನೆಸಿಸ್ ಮೆಚ್ಚಲು ದೊಡ್ಡ ಕಾರಣ ಹೆಬ್ಬೆರಳಿನ ಗೊಂಚಲು. ನೇರ ಮಣೆಯಲ್ಲಿ ಎಲ್ಲಕ್ಕಿಂತ ಬಲವಾದ ಬೆರಳು ಖಾಲಿ ಜಾಗ ಹೊಡೆಯುವುದಕ್ಕೇ ಸೀಮಿತ. ಇಲ್ಲಿ ಎಡ ಹೆಬ್ಬೆರಳಿಗೆ ಬ್ಯಾಕ್‌ಸ್ಪೇಸ್, ಡಿಲೀಟ್. ಬಲಕ್ಕೆ ಎಂಟರ್, ಸ್ಪೇಸ್. ಯಾವ ಕೀಲಿ ಎಲ್ಲಿರಬೇಕೆಂಬುದನ್ನು ಮಣೆಯೊಳಗೇ ಬದಲಿಸಬಹುದು. ಮಾಲ್ಟ್ರಾನ್‌ನವರು ಇಂಗ್ಲಿಷಿನಲ್ಲಿ ಅತಿ ಹೆಚ್ಚು ಬರುವ ‘ಇ’ಯನ್ನು ಹೆಬ್ಬೆರಳಿಗೆ ಕೊಟ್ಟರು. ಕನ್ನಡಕ್ಕೆ ಆ ಜಾಗದಲ್ಲಿ ಇರಬೇಕಾದದ್ದು ಒತ್ತಕ್ಷರ ಕೂಡಿಸುವ ಅರ್ಧಾಕ್ಷರ ಚಿಹ್ನೆ. ಇನ್‌ಸ್ಕ್ರಿಪ್ಟ್‌ನಲ್ಲಿ ಅದು ‘ಡಿ’ ಕೀಲಿಯಲ್ಲಿದೆ. ಅದರ ಇನ್ನೊಂದು ಪ್ರತಿಯನ್ನು ಡಿಲೀಟ್ ಜಾಗಕ್ಕೆ ತನ್ನಿ. ‘ಅಕ್ಕ’, ‘ಹಳ್ಳಿ’, ‘ಎಲ್ಲ’ ಎಲ್ಲದರ ಒತ್ತನ್ನೂ ಹೆಬ್ಬೆರಳು ನೋಡಿಕೊಳ್ಳುತ್ತದೆ. ಮೊದಮೊದಲು ವೇಗ ಕುಸಿದು ಸಿಟ್ಟು ಬರುತ್ತದೆ, ಆಗ ಹಳೇ ಮಣೆ ಕೈಗೆ ಸಿಗದ ಹಾಗೆ ಅಟ್ಟಕ್ಕೆ ಹಾಕಿ.