‘ಊಟ ಆದ್ಮೇಲೆ ಒಂದೊಂದು’

ಹೊಳೆನರಸೀಪುರವಿರಲಿ, ಚನ್ನರಾಯಪಟ್ಟಣವಿರಲಿ, ಜ್ವರ ಬಂದವರು ಮೊದಲು ಹೋಗಿ ನಿಲ್ಲುವುದು ಮೆಡಿಕಲ್ ಸ್ಟೋರಿನ ಮುಂದೆ. ಅರಕಲಗೂಡಿನ ಕಡೆಯ ಹಳ್ಳಿಯಿಂದ ಹಾಸನದ ಹಿಮ್ಸ್ ಆಸ್ಪತ್ರೆಗೆ ಹೋಗಿ ಬರುವುದೆಂದರೆ ಒಂದು ದಿನದ ಕೂಲಿ ಹೋದಂತೆ. ‘ಅಣ್ಣಾ, ಮೈಕೈ ನೋವು, ಗಂಟಲು ಕೆರೆತ, ಎರಡೊತ್ತಿಗೆ ಮಾತ್ರೆ ಕೊಡಿ’ ಎಂದರೆ ಕತ್ತರಿ ಆಡುತ್ತದೆ. ಮೂರು ಬಗೆಯ ಮಾತ್ರೆಗಳ ತುಂಡು ಸ್ಟ್ರಿಪ್‌ಗಳು ಸಣ್ಣ ಕವರಿಗೆ ಬೀಳುತ್ತವೆ. ಜೊತೆಗೆ ಒಂದೇ ಸೂಚನೆ: ‘ಊಟ ಆದ್ಮೇಲೆ ಒಂದೊಂದು.’ ಇದನ್ನು ಬರಿಯ ವ್ಯಾಪಾರ ಎನ್ನಲಾಗದು, ಇದೂ ಒಂದು ಚಿಕಿತ್ಸಾ ಪದ್ಧತಿಯೇ. ಹಾಗೆಂದೇ ಇದಕ್ಕೆ ಬೆಲೆ ಕಟ್ಟಿ ನೋಡಬೇಕು.

ಅಂಗಡಿಯವರನ್ನು ಬೈಯುವುದು ಸುಲಭ. ಆದರೆ ರಾತ್ರಿ ಒಂಬತ್ತಕ್ಕೂ ಬಾಗಿಲು ತೆರೆದಿರುವವರು ಅವರೇ, ಸಾಲ ಹೇಳಿದರೂ ಕೊಡುವವರು ಅವರೇ. ಜ್ವರಕ್ಕೆ ಪ್ಯಾರಸಿಟಮಾಲ್ ಕೊಟ್ಟು ಕಳಿಸಿದರೆ ನನ್ನ ತಕರಾರಿಲ್ಲ. ತಕರಾರು ಆ ಕವರಿನೊಳಗೆ ಸದ್ದಿಲ್ಲದೆ ಸೇರಿಕೊಳ್ಳುವ ಆ್ಯಂಟಿಬಯಾಟಿಕ್ ಬಗ್ಗೆ. ಗಂಟಲು ಕೆರೆತ ವೈರಸ್‌ನಿಂದ ಬಂದಿದ್ದರೆ ಅದು ಬೇಕೇ ಇಲ್ಲ. ಬ್ಯಾಕ್ಟೀರಿಯಾದಿಂದ ಬಂದಿದ್ದರೆ ಎರಡು ಹೊತ್ತಿನದು ಸಾಲದು. ಎರಡೂ ಲೆಕ್ಕದಲ್ಲಿ ತಪ್ಪಾಗುವ ಔಷಧಿಯನ್ನೇ ಜನ ‘ಪವರ್ ಇರೋದು ಕೊಡಿ’ ಎಂದು ಕೇಳಿ ಪಡೆಯುತ್ತಾರೆ.

ಕಾನೂನು ಸುಮ್ಮನೆ ಕೂತಿಲ್ಲ. ಔಷಧ ನಿಯಮಗಳಡಿ 2014ರ ಮಾರ್ಚ್ 1ರಿಂದ ಜಾರಿಗೆ ಬಂದ ಎಚ್1 ಪಟ್ಟಿಯಲ್ಲಿ ಸೆಫಿಕ್ಸಿಮ್‌ನಂಥ ಆ್ಯಂಟಿಬಯಾಟಿಕ್‌ಗಳಿವೆ. ಇವನ್ನು ಮಾರಿದಾಗ ರೋಗಿ, ವೈದ್ಯರು, ಔಷಧಿ, ಪ್ರಮಾಣ ಎಲ್ಲವನ್ನೂ ಪ್ರತ್ಯೇಕ ಪುಸ್ತಕದಲ್ಲಿ ಬರೆದು ಮೂರು ವರ್ಷ ಕಾಪಾಡಬೇಕು. 2016ರಲ್ಲಿ ಕೇಂದ್ರ ಆರೋಗ್ಯ ಇಲಾಖೆ ಕೆಂಪು ಗೆರೆಯ ಅಭಿಯಾನ ನಡೆಸಿತು: ಸ್ಟ್ರಿಪ್ ಮೇಲೆ ಉದ್ದಕ್ಕೆ ಕೆಂಪು ಗೆರೆಯಿದ್ದರೆ ವೈದ್ಯರ ಚೀಟಿಯಿಲ್ಲದೆ ತೆಗೆದುಕೊಳ್ಳಬೇಡಿ. ಯೋಚನೆ ಒಳ್ಳೆಯದು, ಅಕ್ಷರ ಬಾರದವರಿಗೂ ತಿಳಿಯುವಂಥದ್ದು. ಆದರೆ ಗೆರೆ ಆ್ಯಂಟಿಬಯಾಟಿಕ್‌ಗೆ ಮಾತ್ರ ಮೀಸಲಲ್ಲ. ಅಜ್ಜಿ ವರ್ಷಗಟ್ಟಲೆ ನುಂಗುವ ಬಿಪಿ ಮಾತ್ರೆಯ ಮೇಲೂ ಅದೇ ಗೆರೆ. ದಿನಾ ಕಣ್ಣಿಗೆ ಬೀಳುವ ಎಚ್ಚರಿಕೆಗೆ ಯಾರು ಬೆಚ್ಚುತ್ತಾರೆ? ಪಕ್ಕದ ಬರಹವಂತೂ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿ. ಇದ್ದಷ್ಟನ್ನೂ ಕತ್ತರಿ ತುಂಡು ಮಾಡುತ್ತದೆ: ಹೆಸರು ಒಂದು ತುಂಡಿಗೆ, ಅವಧಿ ಮುಗಿಯುವ ತಾರೀಕು ಇನ್ನೊಂದಕ್ಕೆ. ಮೈತುಂಬ ದದ್ದು ಎದ್ದು ಆಸ್ಪತ್ರೆಗೆ ಹೋದಾಗ ವೈದ್ಯರು ‘ಯಾವ ಮಾತ್ರೆ ನುಂಗಿದ್ರಿ?’ ಎಂದರೆ ‘ಬಿಳೀದು, ಉದ್ದಕಿತ್ತು’ ಎಂಬುದಷ್ಟೇ ಉತ್ತರ. ಪೆನಿಸಿಲಿನ್ ಜಾತಿಯ ಔಷಧಿ ಒಗ್ಗದವರ ಜೀವಕ್ಕೇ ಕುತ್ತಾಗಬಹುದು. ಅಂಥವರಿಗೆ ಅದೇ ಜಾತಿಯ ಅಮಾಕ್ಸಿಸಿಲಿನ್ ಎಂಬ ಹೆಸರು ಗೊತ್ತಿರಲೇಬೇಕು.

ಇನ್ನು ಆ ಒಂದೇ ಸೂಚನೆ. ಅದು ಸುಳ್ಳಲ್ಲ, ಅರೆನಿಜ. ಅಮಾಕ್ಸಿಸಿಲಿನ್ ಜೊತೆ ಕ್ಲಾವುಲನೇಟ್ ಸೇರಿದ ಮಾತ್ರೆಯನ್ನು ಊಟದ ಮೊದಲ ತುತ್ತಿನ ಜೊತೆಗೇ ತೆಗೆದುಕೊಂಡರೆ ಒಳ್ಳೆಯದು, ಹೊಟ್ಟೆ ಕೆಡುವುದು ಕಡಿಮೆ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಬರಿಹೊಟ್ಟೆಗೆ ಹೋದರೆ ದೇಹ ಅದನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ. ಇಲಿಜ್ವರಕ್ಕೆ ಕೊಡುವ ಡಾಕ್ಸಿಸೈಕ್ಲಿನ್ ಕಥೆ ಇನ್ನೂ ಬೇರೆ. ಗದ್ದೆಯಿಂದ ಬಂದು ಉಂಡು, ಚಾಪೆಯ ಮೇಲೆ ಕೂತು, ಒಂದು ಗುಟುಕು ನೀರಿನಲ್ಲಿ ಅದನ್ನು ನುಂಗಿ ಹಾಗೇ ಮಲಗಿದರೆ ಕ್ಯಾಪ್ಸೂಲ್ ಅನ್ನನಾಳದಲ್ಲೇ ಅಂಟಿಕೊಂಡು ಹುಣ್ಣು ಮಾಡಬಲ್ಲದು. ಮಾರನೆಯ ದಿನ ಎಂಜಲು ನುಂಗಿದರೂ ಎದೆಯುರಿ. ದೊಡ್ಡ ಲೋಟದ ತುಂಬ ನೀರು ಕುಡಿದು, ಅರ್ಧ ಗಂಟೆಯಾದರೂ ನೆಟ್ಟಗೆ ಕೂತಿರಬೇಕು. ಇದು ಬಿಸಿಲಿಗೆ ಚರ್ಮ ಬೇಗ ಸುಡುವಂತೆಯೂ ಮಾಡುತ್ತದೆ. ದಿನವಿಡೀ ಹೊಲದಲ್ಲಿ ನಿಲ್ಲುವವರಿಗೆ ಇದನ್ನು ಹೇಳದೆ ಕಳಿಸುವುದು ಅನ್ಯಾಯ.

ಮತ್ತೆ ಹಾಲು. ಮನೆಮನೆಯಲ್ಲೂ ಹಸು ಕಟ್ಟುವ ಜಿಲ್ಲೆಯಿದು. ‘ಮಾತ್ರೆ ಹೀಟು, ಮೇಲೊಂದು ಲೋಟ ಹಾಲು ಕುಡಿ’ ಎನ್ನುವ ಅಮ್ಮಂದಿರ ಕಾಳಜಿಯಲ್ಲಿ ಹುಳುಕು ಹುಡುಕಲು ಮನಸ್ಸು ಬಾರದು. ಆದರೆ ಸಿಪ್ರೋಫ್ಲಾಕ್ಸಸಿನ್, ಡಾಕ್ಸಿಸೈಕ್ಲಿನ್‌ಗಳಿಗೆ ಹಾಲು-ಮೊಸರು ಆಗಿಬರುವುದಿಲ್ಲ. ಹಾಲಿನ ಕ್ಯಾಲ್ಸಿಯಂ ಔಷಧಿಗೆ ಅಂಟಿಕೊಂಡು ಅದು ಪೂರ್ತಿಯಾಗಿ ರಕ್ತ ಸೇರದಂತೆ ತಡೆಯುತ್ತದೆ. ಗ್ಯಾಸ್ಟ್ರಿಕ್‌ಗೆಂದು ಕುಡಿಯುವ ಗುಲಾಬಿ ದ್ರಾವಣದ ಅಲ್ಯೂಮಿನಿಯಂ-ಮೆಗ್ನೀಸಿಯಂ, ಐರನ್ ಮಾತ್ರೆಯ ಕಬ್ಬಿಣ ಮಾಡುವುದೂ ಇದನ್ನೇ. ನಡುವೆ ಕೆಲವು ಗಂಟೆಗಳ ಬಿಡುವು ಬೇಕು. ಅಮಾಕ್ಸಿಸಿಲಿನ್‌ಗೆ ಈ ತಂಟೆಯಿಲ್ಲ. ಅಂದರೆ ಉತ್ತರ ಮಾತ್ರೆಯಿಂದ ಮಾತ್ರೆಗೆ ಬದಲಾಗುತ್ತದೆ, ಕೌಂಟರಿನ ಸೂಚನೆ ಮಾತ್ರ ಬದಲಾಗುವುದಿಲ್ಲ.

ವೈದ್ಯರ ಕಡೆಯ ಘೋಷಣೆಯನ್ನೂ ಬಿಡಬಾರದು: ‘ಕೋರ್ಸ್ ಪೂರ್ತಿ ಮಾಡಿ.’ 2017ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ತಜ್ಞರ ಗುಂಪೊಂದು ಈ ಮಾತಿಗೆ ಗಟ್ಟಿ ಆಧಾರವಿಲ್ಲ, ಬೇಕಿಲ್ಲದಷ್ಟು ದಿನ ನುಂಗುವುದರಿಂದಲೂ ಬ್ಯಾಕ್ಟೀರಿಯಾಗಳು ಮಾತ್ರೆಗೆ ಬಗ್ಗದಂತಾಗುತ್ತವೆ ಎಂದು ವಾದಿಸಿತು. ವಾದದಲ್ಲಿ ಹುರುಳಿದೆ. ಆದರೆ ಅದನ್ನು ನಮ್ಮ ಕಡೆ ‘ವಾಸಿ ಆದ್ಮೇಲೆ ಬಿಟ್ಬಿಡಿ’ ಎಂದು ಓದಿಕೊಂಡರೆ ಅಪಾಯ. ಕ್ಷಯಕ್ಕೆ ಸಾಮಾನ್ಯವಾಗಿ ಆರು ತಿಂಗಳು ಬೇಕು. ಸ್ಟ್ರೆಪ್ಟೊಕಾಕಸ್‌ನಿಂದ ಮಕ್ಕಳ ಗಂಟಲು ಕೆಟ್ಟರೆ ಪೆನಿಸಿಲಿನ್ ಹತ್ತು ದಿನ ಕೊಡುವುದು ಮುಂದೆ ಹೃದಯದ ಕವಾಟ ಕೆಡದಿರಲಿ ಎಂದು. ಅಜಿತ್ರೋಮೈಸಿನ್ ಮೂರೇ ದಿನಕ್ಕೆ ಮುಗಿದರೂ ಆಮೇಲೆ ದಿನಗಟ್ಟಲೆ ದೇಹದಲ್ಲಿ ಉಳಿದು ಕೆಲಸ ಮಾಡುತ್ತದೆ. ಎಷ್ಟು ದಿನ, ಏಕೆ ಅಷ್ಟು ದಿನ ಎಂದು ಚೀಟಿ ಬರೆಯುವಾಗಲೇ ವೈದ್ಯರು ಹೇಳಲಿ. ಘೋಷಣೆಗಿಂತ ಅದು ಹೆಚ್ಚು ಉಪಯೋಗದ್ದು.

ಅಜಿತ್ರೋಮೈಸಿನ್ ಎಂದಾಗ ಇನ್ನೊಂದು ನೆನಪಾಯಿತು. 2025ರಲ್ಲಿ ಹಾಸನದ ಹೃದಯಾಘಾತದ ಸಾವುಗಳ ಸುದ್ದಿಗೆ ಹೆದರಿ ಜನ ದೂರದ ಜಯದೇವ ಹೃದ್ರೋಗ ಆಸ್ಪತ್ರೆಯ ಮುಂದೆ ಸಾಲುಗಟ್ಟಿದರು. ಆ ಸಾವುಗಳಿಗೂ ಈ ಮಾತ್ರೆಗೂ ನಾನು ನಂಟು ಹಾಕುತ್ತಿಲ್ಲ. ಆದರೆ ಕೆಲವು ಹೃದ್ರೋಗಿಗಳಲ್ಲಿ ಅಜಿತ್ರೋಮೈಸಿನ್ ಹೃದಯ ಬಡಿತದ ಲಯ ತಪ್ಪಿಸಬಹುದೆಂದು ಅಮೆರಿಕದ ಔಷಧ ಪ್ರಾಧಿಕಾರ 2013ರಲ್ಲೇ ಎಚ್ಚರಿಸಿತ್ತು. ಇಸಿಜಿಗೆ ಅಷ್ಟು ದೂರ ಓಡುವವರು ಕೆಮ್ಮಿಗೆ ಅದನ್ನು ಕೇಳುವಾಗ ‘ನಂಗೆ ಹಾರ್ಟ್ ತೊಂದ್ರೆ ಇದೆ’ ಎಂದು ಹೇಳುವುದಿಲ್ಲ. ಅಂಗಡಿಯಲ್ಲಿ ಕೇಳುವವರೂ ಇಲ್ಲ.

ಕೇರಳ 2024ರಲ್ಲಿ ಚೀಟಿಯಿಲ್ಲದ ಆ್ಯಂಟಿಬಯಾಟಿಕ್ ಮಾರಾಟ ಪತ್ತೆಗೆ ಆಪರೇಷನ್ ಅಮೃತ್ ಎಂಬ ದಾಳಿ ಶುರು ಮಾಡಿತು, ಆ್ಯಂಟಿಬಯಾಟಿಕ್‌ಗೆಂದೇ ನೀಲಿ ಕವರ್ ತಂದಿತು. ದಾಳಿಗಿಂತ ಕವರ್ ನನಗೆ ಹೆಚ್ಚು ಹಿಡಿಸಿತು, ಏಕೆಂದರೆ ಅದು ಕತ್ತರಿಗೆ ಸಿಗುವುದಿಲ್ಲ. ನಮ್ಮ ಅಂಗಡಿಗಳ ಕವರ್ ಮೇಲೂ ಔಷಧಿಯ ಹೆಸರು, ಎಷ್ಟು ದಿನ, ಹಾಲಿನ ಜೊತೆ ಸರಿಯೇ, ಮಲಗುವ ಮುಂಚೆ ಬೇಡವೇ ಎಂದು ಕನ್ನಡದಲ್ಲಿ ಬರೆಯಲು ಪೆನ್ನೊಂದಿದ್ದರೆ ಸಾಕು. ಅದೇ ಕವರಿನ ಮೇಲೆ ಬೆಲೆ ಕೂಡಿಸಲು ಆ ಪೆನ್ನು ಹೇಗೂ ಕೈಯಲ್ಲಿ ಇರುತ್ತದೆ.